ಸೀರೆ ಅಂಗಡಿಗೆ ಹೋದ ಬಲ್ಬು

ಸೀರೆ ಅಂಗಡಿಯವರು ಅಷ್ಟೊಂದು ದೀಪ ಹಾಕುವುದೇ ಗಂಡಂದಿರ ಕಣ್ಣಿಗೆ ಮಣ್ಣೆರಚುವುದಕ್ಕೆ ಎಂದು ಮರಳೂರಿನ ಚನ್ನೇಶ ತೀರ್ಮಾನಿಸಿಬಿಟ್ಟಿದ್ದ. ಅವನು ಒಮ್ಮೆ ತೀರ್ಮಾನಿಸಿದರೆ ಹೆಂಡತಿ ಉಮಾಮಹೇಶ್ವರಿಯೂ ಎದುರಾಡುವುದಿಲ್ಲ (ಅಂದರೆ, ಅಡುಗೆಮನೆಗೆ ಹೋಗಿ ಪಾತ್ರೆಗಳ ಜೊತೆ ಮಾತಾಡುತ್ತಾಳೆ). ಹೋದ ವರ್ಷ ಅಂಗಡಿಯಲ್ಲಿ ಗಿಳಿಹಸಿರಾಗಿದ್ದ ಸೀರೆ ಮನೆಗೆ ಬರುವಷ್ಟರಲ್ಲಿ ಪಾಚಿಯಾಗಿತ್ತು. ಆ ಗಾಯ ಇನ್ನೂ ಮಾಯ್ದಿರಲಿಲ್ಲ.

ಈ ಸಲ ವಿಷಯ ಸಣ್ಣದಲ್ಲ. ಮಾರನೆಯ ಬೆಳಗ್ಗೆ ಗುಬ್ಬಿಯಲ್ಲಿ ಉಮಾಳ ಅಣ್ಣ ಉದಯಕುಮಾರನ ಗೃಹಪ್ರವೇಶ. ಅಕ್ಕತಂಗಿಯರೆಲ್ಲ ನೇರಳೆ ಸೀರೆಯಲ್ಲಿ ಫೋಟೋ ತೆಗೆಸಿಕೊಳ್ಳಬೇಕೆಂದು ವಾಟ್ಸಾಪ್ ಮಹಾಸಭೆ ಠರಾವು ಮಾಡಿತ್ತು. ಅಕ್ಕ ಅನುಪಮಾ ಒಂದೇ ಬಟ್ಟೆಯಲ್ಲಿ ಎಲ್ಲರಿಗೂ ಬ್ಲೌಸ್ ಹೊಲಿಸಿ ಕಳಿಸಿದ್ದಳು. ಸೀರೆ ಹೊಂದಿಸುವುದು ಅವರವರ ಪಾಡು. ತವರಿನ ಫೋಟೋದಲ್ಲಿ ಬೇರೆ ಬಣ್ಣದವಳಾಗಿ ಮೂಲೆ ಸೇರಬಾರದೆಂದು ಉಮಾ ಹಟ ಹಿಡಿದಿದ್ದಳು.

ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಸಂಜೆ ಬಂದ ಚನ್ನೇಶ ಹಜಾರದ ಬಲ್ಬು ಬಿಚ್ಚಿ, ಹೋಲ್ಡರು ವೈರಿನ ಸಮೇತ ಚೀಲಕ್ಕೆ ಹಾಕಿದ.

“ಅದ್ಯಾಕ್ರೀ?”

“ಸೀರೆ ನಾವು ನೋಡೋದೆಲ್ಲಿ? ಮನೇಲಿ. ಮನೆ ಬೆಳಕಲ್ಲೇ ಆರಿಸ್ಬೇಕು ಕಣೇ. ಇದು ಸೈನ್ಸು.”

“ಫುಟ್‌ಪಾತಲ್ಲಿ ಚೌಕಾಸಿ ಮಾಡಿ ತಂದ ಬಲ್ಬು ಅದು! ಅದರಡೀಲಿ ಟೊಮ್ಯಾಟೊ ಹಣ್ಣೋ ಕಾಯೋ ಗೊತ್ತಾಗಲ್ಲ. ನಿಮ್ ಮುಖ ನೋಡಿದ್ರೆ ಕಾಮಾಲೆ ಬಂದಂಗಿರುತ್ತೆ.”

“ಬೆಳಕು ಕಮ್ಮಿ ಇದ್ಯಾ?”

“ಬೆಳಕಿಗೇನೂ ಬರ ಇಲ್ಲ, ಬಣ್ಣಾನೇ ಸತ್ತೋಗುತ್ತೆ. ಮಧ್ಯಾಹ್ನ ರಜ ಹಾಕಿ ಬನ್ನಿ, ಬಿಸಿಲಲ್ಲಿ ನೋಡೋಣ ಅಂದೆ. ಕೇಳಿದ್ರಾ?”

ಚನ್ನೇಶ ಕೇಳುವವನಲ್ಲ. ಅಂಗಡಿಯಲ್ಲಿ ತನ್ನ ಬಲ್ಬು ಹೊತ್ತಿಸಿ, ಅಲ್ಲಿದ್ದ ದೀಪಗಳನ್ನೆಲ್ಲ ಆಫ್ ಮಾಡಿಸಿದ. “ಕರೆಂಟ್ ಹೋಯ್ತೇನ್ರೀ?” ಎಂದು ಒಬ್ಬ ಅಜ್ಜಿ ಕೂಗಿದರು. “ಇಲ್ಲಮ್ಮಾ, ಟೆಸ್ಟಿಂಗು” ಎಂದ ಚನ್ನೇಶ, ಗಂಭೀರವಾಗಿ. ಸೀರೆಗಳ ರಾಶಿಯಲ್ಲಿ ಒಂದು ಮಾತ್ರ ಬ್ಲೌಸಿನ ಜೊತೆ ಎಳೆ ಎಳೆಯೂ ಹೊಂದಿಕೊಂಡಿತು.

“ಸಾರ್, ಅದು ನೀಲಿ. ನೇರಳೆ ಈ ಕಡೆ ಇದೆ” ಎಂದ ಅಂಗಡಿಯವನು.

“ನಿಮ್ ದೀಪದಲ್ಲಿ ನೀಲಿ! ನೋಡೇ, ಇಲ್ಲಿ ವ್ಯತ್ಯಾಸ ಐತಾ?”

ಉಮಾ ಬಗ್ಗಿ ನೋಡಿದಳು. ಆ ಬೆಳಕಿನಲ್ಲಿ ನಿಜವಾಗಿಯೂ ವ್ಯತ್ಯಾಸ ಕಾಣಲಿಲ್ಲ. ಜನ ಕತ್ತಲಲ್ಲಿ ಗೊಣಗುತ್ತಿದ್ದರು. ಅವಳಿಗೆ ಸಂಕೋಚವಾಗಿ ಹೂಂ ಅಂದುಬಿಟ್ಟಳು. ಅಂಗಡಿಯ ದೀಪಗಳು ಮತ್ತೆ ಹೊತ್ತುವ ಮೊದಲೇ ಚನ್ನೇಶ ಸೀರೆ ಪ್ಯಾಕ್ ಮಾಡಿಸಿದ.

ಬೆಳಗಿನ ಜಾವ ಮತ್ತೆ ಹಜಾರ ಸೇರಿದ್ದ ಅದೇ ಬಲ್ಬಿನಡಿ ಸೀರೆ ಉಟ್ಟು, ಹೊರಗೆ ಕತ್ತಲಿರುವಾಗಲೇ ಬಸ್ಸು ಹತ್ತಿದರು. ಗುಬ್ಬಿ ಸೇರುವ ಹೊತ್ತಿಗೆ ಸೂರ್ಯ ಹುಟ್ಟಿದ. ಬ್ಲೌಸು ಅಪ್ಪಟ ನೇರಳೆ. ಸೀರೆ ಅಪ್ಪಟ ನೀಲಿ. ಉಮಾ ಗಂಡನನ್ನು ದುರುಗುಟ್ಟಿ ನೋಡಿದಳು. ಚನ್ನೇಶ ಎರಡು ಹೆಜ್ಜೆ ಹಿಂದೆ ಸರಿದ, ಏಕೆಂದರೆ ಅವಳು ಮಾತಾಡಲು ಅಲ್ಲಿ ಪಾತ್ರೆಗಳೂ ಇರಲಿಲ್ಲ.

ಅಂಗಳದಲ್ಲಿ ಫೋಟೋಕ್ಕೆ ನೇರಳೆ ಸಾಲು ನಿಂತಿತು. ಉಮಾ ಹಟ ಬಿಡದೆ ನಟ್ಟನಡುವೆ ಹೋಗಿ ನಿಂತಳು.

“ನೀಲಿ ಸೀರೆಯವ್ರು ಸ್ವಲ್ಪ ಪಕ್ಕಕ್ ಬನ್ನಿ ಮೇಡಂ” ಎಂದ ಫೋಟೋಗ್ರಾಫರ್, “ಇದು ಫ್ಯಾಮಿಲಿ ಫೋಟೋ.”

ಯಾಕೆಂದು ತಿಳಿದದ್ದು ಊಟದ ಪಂಕ್ತಿಯಲ್ಲಿ. ಅಡುಗೆ ಕಂಟ್ರಾಕ್ಟರನ ಕಡೆಯ ಬಡಿಸುವ ಹೆಂಗಸರೆಲ್ಲ ಅದೇ ನೀಲಿ ಸೀರೆ ಉಟ್ಟಿದ್ದರು! ಉಮಾ ಎಲೆಯ ಮುಂದೆ ಕೂರುವಷ್ಟರಲ್ಲಿ ದೂರದ ನೆಂಟರೊಬ್ಬರು ಕರೆದರು: “ಏನಮ್ಮಾ, ನೀನೇ ಕೂತ್ಬಿಟ್ರೆ ಈ ಕಡೆ ಪಲ್ಯ ಹಾಕೋರ್ಯಾರು?”

ಉಮಾ ಎದ್ದಳು. ಪಲ್ಯದ ಬಕೆಟ್ಟನ್ನು ತಂದು ಗಂಡನ ಕೈಗಿಟ್ಟಳು. “ನಮ್ ಸೂಪರ್‌ವೈಸರ್ರು ಹಾಕ್ತಾರೆ ಮಾವ” ಎಂದು ಹೇಳಿ ಹೋಗಿ ಊಟಕ್ಕೆ ಕುಳಿತಳು.

ಚನ್ನೇಶ ಪಲ್ಯ ಬಡಿಸಿದ, ಸಾರು ಬಡಿಸಿದ. ಕೊನೆಯ ಪಂಕ್ತಿ ಏಳುವವರೆಗೂ ಸೊಂಟ ನೆಟ್ಟಗಾಗಲಿಲ್ಲ. ಅವನ ಹುರುಪು ನೋಡಿ ಕಂಟ್ರಾಕ್ಟರ್ ಹತ್ತಿರ ಬಂದ.

“ಕೈ ಚೆನ್ನಾಗೈತೆ ಸಾರ್ ನಿಮ್ದು. ಮುಂದಿನ ವಾರ ಕುಣಿಗಲ್‌ನಾಗೆ ಮದ್ವೆ ಹಿಡಿದಿದೀನಿ. ಬರ್ತೀರಾ?”

ಚನ್ನೇಶ ಬಾಯಿ ತೆರೆಯುವ ಮೊದಲೇ ಉಮಾ ಹೇಳಿದಳು: “ಬರ್ತಾರೆ ಕರ್ಕೊಂಡೋಗಿ. ಯೂನಿಫಾರಂ ಆರಿಸೋಕೆ ಮಾತ್ರ ಬಿಡ್ಬೇಡಿ.”