ಯಾವ ಕಲ್?

ಜಯತೀರ್ಥ: ತಪ್ಪು ನಿಮ್ಮ ಅರ್ಧದಾಗೇ ಅದ, ಶೌಕತ ಭಾಯಿ.

ಶೌಕತ ಅಲಿ: ನನ್ನ ಅರ್ಧ ಭಾಳ ಸ್ವಚ್ಛ ಅದ, ಆಚಾರ್ರ. ನಿಮ್ಮದು ನೋಡ್ಕೊರ್ರಿ.

(ಎಂಬತ್ತಾರನೇ ಇಸವಿ. ವಾಡಿ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಕೋಣೆ. ಹೊಸದೊಂದು ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯನ್ನು ಯಂತ್ರಕ್ಕೆ ತಿಳಿಸಿಕೊಡುವ ಕಂಪೈಲರನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡು ಬರೆದಿದ್ದಾರೆ. ಜಗಳವನ್ನು ಮಾತ್ರ ಪೂರ್ತಿ ಇಬ್ಬರೂ ಆಡುತ್ತಾರೆ. ಮೂರು ಗಂಟೆಗೆ ಮ್ಯಾನೇಜರ್ ಬಸವಂತರಾಯರು ನೋಡಲು ಬರುತ್ತಾರೆ. ನಡೆಯದಿದ್ದರೆ ಯಂತ್ರ ಹೈದರಾಬಾದಿಗೆ ವಾಪಸ್. ಈಗ ಎರಡೂ ಮುಕ್ಕಾಲು.)

ಜಯತೀರ್ಥ: ನೂರು ವ್ಯಾಗನ್ನಿನ ತೂಕ ಕೂಡ್ಸು ಅಂದೀನಿ. ಒಂದೂ ಕೂಡಸ್ಲಾರ್ದೆ ‘ಮುಗೀತು’ ಅಂತ ಬರೀಲಿಕತ್ತದ.

ಶೌಕತ ಅಲಿ: ಈ ಭಾಷಾದ ಗುಣಾನೇ ಅದು. ಉತ್ತರ ಯಾರರ ಕೇಳೋತನಕ ಲೆಕ್ಕಾ ಮಾಡಂಗಿಲ್ಲ.

ಜಯತೀರ್ಥ: ಮೂರು ಸಲ ಕೇಳೀನ್ರಿ.

ಶೌಕತ ಅಲಿ: ಪ್ರೀತಿಲೆ ಕೇಳ್ರಿ.

ಜಯತೀರ್ಥ: ಇದೇನು ಮನಿ ಅಳಿಯಾ ಏನ್ರಿ?

(ಶೌಕತ ಅಲಿ ಉದ್ದನೆಯ ಪ್ರಿಂಟ್ ಕಾಗದವನ್ನು ನೆಲಕ್ಕೆ ಹಾಸಿ ಮಂಡಿಯೂರುತ್ತಾರೆ.)

ಶೌಕತ ಅಲಿ: ಇಲ್ನೋಡ್ರಿ. ಮಾಡೋದು ಬಾಕಿ ಇದ್ದ ಲೆಕ್ಕಕ್ಕೆಲ್ಲ ‘ಕಲ್’ ಅಂತ ಗುರ್ತು ಹಾಕೀನಿ.

ಜಯತೀರ್ಥ: ಬಾಕಿ? ನಾ ‘ಕಲ್’ ಕಂಡಲ್ಲೆಲ್ಲ ಮುಗದದ ಅಂತ ಬಿಟ್ಟೀನಿ.

ಶೌಕತ ಅಲಿ: ಯಾಕ?

ಜಯತೀರ್ಥ: ಕಲ್ ಅಂದ್ರ ನಿನ್ನಿ ಅಲ್ಲೇನ್ರಿ?

ಶೌಕತ ಅಲಿ: ನಾಳಿ.

ಜಯತೀರ್ಥ: ಮೊನ್ನಿ ನೀವೇ ‘ಕಲ್ ಸೇಡಂ ಗಯಾ ಥಾ’ ಅಂದ್ರಲ್ಲ.

ಶೌಕತ ಅಲಿ: ಅದು ನಿನ್ನಿ ಹೋಗಿದ್ದು.

ಜಯತೀರ್ಥ: ಮತ್ತ ಇದು?

ಶೌಕತ ಅಲಿ: ಇದು ನಾಳಿ. ಉರ್ದುದಾಗ ಎರಡಕ್ಕೂ ಕಲ್ ಅಂತೀವಿ.

ಜಯತೀರ್ಥ: ತಿಳಿಯೋದು ಹ್ಯಾಂಗ?

ಶೌಕತ ಅಲಿ: ನಮ್ಮ ಮನ್ಯಾಗ ಎಲ್ಲಾರಿಗೂ ತಿಳೀತದ.

ಜಯತೀರ್ಥ: ಕನ್ನಡದಾಗೇ ಹಾಕ್ರಿ. ಬಾಕಿ ಇದ್ದದ್ದಕ್ಕ ನಾಳಿ, ಮುಗದದ್ದಕ್ಕ ನಿನ್ನಿ.

ಶೌಕತ ಅಲಿ: ಮಷೀನ್ ಇಂಗ್ಲಿಷಿನ್ಯಾಗ ಮೊದಲ್ನೇ ಅಕ್ಷರ ಅಷ್ಟೇ ಓದ್ತದ್ರಿ. ಎರಡಕ್ಕೂ ‘ಎನ್’.

(ಇಬ್ಬರೂ ಗಡಿಯಾರ ನೋಡುತ್ತಾರೆ; ಗುರುತುಗಳನ್ನೆಲ್ಲ ತಿದ್ದಲು ಹೊತ್ತಿಲ್ಲ. ಎರಡು ವರ್ಷದ ದುಡಿಮೆ ಮಣ್ಣುಪಾಲಾಗುವ ಸಂಕಟ ಇಬ್ಬರ ಮುಖದಲ್ಲೂ ಇದೆ. ಬಸವಂತರಾಯರು ಐದು ನಿಮಿಷ ಮೊದಲೇ ಬಂದು ಪರದೆಗೆ ಬಗ್ಗುತ್ತಾರೆ.)

ಬಸವಂತರಾಯ: ‘ಮುಗೀತು’ ಅಂತದ. ಇಷ್ಟು ಲಗೂನ?

ಜಯತೀರ್ಥ: ಸುಳ್ಳರಿ, ಸಾಹೇಬ್ರ. ಅದು ಏನೂ ಮಾಡಿಲ್ಲ.

ಶೌಕತ ಅಲಿ: ಆದ್ರ ಮಾಡೀನಿ ಅಂತ ಖರೇನೇ ತಿಳ್ಕೊಂಡದ್ರಿ.

(ಬಸವಂತರಾಯರು ಕುರ್ಚಿ ಎಳೆದು ಕೂರುತ್ತಾರೆ.)

ಬಸವಂತರಾಯ: ಮಷೀನ್ ಇಲ್ಲೇ ಇರ್ಲಿ ತಗೋರಿ. ಏನೂ ಮಾಡ್ಲಾರ್ದೆ ‘ಮುಗೀತು’ ಅನ್ನೋರು ನನ್ನ ಆಫೀಸಿನ್ಯಾಗ ಹನ್ನೆರಡು ಮಂದಿ ಅದಾರ. ಇದು ರಜಾನರ ಕೇಳಂಗಿಲ್ಲ.