ಐದನೆಯ ಸಲಕ್ಕೆ ಹೂಂ ಎಂದ ಹವಾಮಾನ ಮಾಡೆಲ್‌ ಅವರಿಗೆ

ಧಾರವಾಡ, ಸೆಪ್ಟೆಂಬರ್ 2006

ನಮ್ಮ ವಿಭಾಗದ ಏಕೈಕ ಎ.ಸಿ. ಕೋಣೆಯ ಕಾಯಂ ನಿವಾಸಿಗಳೂ, ಬರಲಿರುವ ನೂರು ವರ್ಷಗಳ ಮಳೆಯನ್ನು ಈಗಲೇ ಲೆಕ್ಕ ಹಾಕಿ ಕಂಪ್ಯೂಟರಿನಲ್ಲಿ ಮಡಗಿದವರೂ ಆದ ಶ್ರೀಮದ್ ಹವಾಮಾನ ಮಾಡೆಲ್ ಅವರ ಸನ್ನಿಧಿಗೆ,

ಮಾನ್ಯರೇ,

ಸಂಶೋಧನಾ ವಿದ್ಯಾರ್ಥಿ ಕಮರುದ್ದೀನನು ಮಾಡುವ ಅನಂತ ವಂದನೆಗಳು. ಇತ್ತ ನಮ್ಮ ಕ್ಷೇಮ ಅಷ್ಟಕ್ಕಷ್ಟೆ. ಅತ್ತ ತಮ್ಮ ಕ್ಷೇಮವನ್ನು ದಿನಾ ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು ಬಂದು ನಾನೇ ಖುದ್ದಾಗಿ ನೋಡುತ್ತಿರುವುದರಿಂದ ವಿಚಾರಿಸುವ ಅಗತ್ಯವಿಲ್ಲ. ತಮ್ಮ ಘನತೆಗೆ ಕುಂದು ತರುವ ಉದ್ದೇಶ ನನಗೆ ಎಳ್ಳಷ್ಟೂ ಇಲ್ಲವೆಂದು ಮೊದಲೇ ಅರಿಕೆ ಮಾಡಿಕೊಂಡು, ಕುಂದು ತರುವ ಕೆಲಸಕ್ಕೆ ತೊಡಗುತ್ತೇನೆ.

ಹೆಬ್ಬಳ್ಳಿಯ ದಾನವ್ವನವರು ಮನೆಯ ಹಿತ್ತಲಿನ ಮಳೆಮಾಪಕದಲ್ಲಿ ಬಿದ್ದ ನೀರನ್ನು ಹನ್ನೊಂದು ವರ್ಷ ಅಳೆದು ಬರೆದಿಟ್ಟ ನೋಟುಬುಕ್ಕುಗಳ ಝೆರಾಕ್ಸ್ ನಮ್ಮ ಕೈಗೆ ಬಂದದ್ದು ತಮಗೆ ಗೊತ್ತು. ಅದನ್ನು ಧಾರವಾಡದಲ್ಲೇ ಕುಳಿತು ಟೈಪು ಮಾಡಿದವನು ನಾನು. ಲೆಕ್ಕ ತೆಗೆದವಳು ನನ್ನ ಸಹಸಂಶೋಧಕಿ ಶಾಂಭವಿ. ತೆಗೆದು ನೋಡಿದರೆ ಹೆಬ್ಬಳ್ಳಿಯಲ್ಲಿ ಸೋಮವಾರ ಒಂದು ಹನಿಯೂ ಇಲ್ಲ, ಮಂಗಳವಾರ ದುಪ್ಪಟ್ಟು! "ಕಮರು, ಇದು ಖರೇ ಶೋಧ ಐತೋ" ಎಂದು ಶಾಂಭವಿ ಕುರ್ಚಿಯಿಂದ ಎದ್ದೇ ನಿಂತಳು. ತಾರಿಹಾಳದ ಕಾರ್ಖಾನೆಗಳು ರವಿವಾರ ಮುಚ್ಚಿ ಸೋಮವಾರ ಒಟ್ಟಿಗೇ ಹೊಗೆ ಬಿಡುತ್ತವೆ, ಆ ಹೊಗೆ ಮೋಡದ ಹನಿಗಳನ್ನು ತಡೆದು ಹಿಡಿಯುತ್ತದೆ, ತಡೆದದ್ದು ಮರುದಿನ ಸುರಿಯುತ್ತದೆ ಎಂದು ನಾವಿಬ್ಬರೂ ಎರಡೇ ಕಪ್ ಚಹಾದಲ್ಲಿ ಜಗತ್ತಿಗೆ ವಿವರಣೆ ಕೊಟ್ಟೆವು.

ಆಮೇಲೆ ತಮ್ಮನ್ನು ಕೇಳಿದೆವು. ಹುಬ್ಬಳ್ಳಿ, ಧಾರವಾಡ, ತಾರಿಹಾಳ, ಹೆಬ್ಬಳ್ಳಿ ಎಲ್ಲವೂ ಒಂದೇ ಚೌಕದೊಳಗೆ ಕಾಣುವ ತಾವು, ನಾಲ್ಕು ಸಲ, ವಾರದ ಏಳೂ ದಿನ ಮಳೆ ಒಂದೇ ಸಮ ಎಂದಿರಿ. ಪ್ರತಿ ಸಲವೂ ನಾವು ತಮಗೆ ಕೊಡುವ ಹೊಗೆಯ ಸಂಖ್ಯೆಯನ್ನು ಕೊಂಚ ಕೊಂಚ ಏರಿಸಿದೆವು. ಐದನೆಯ ಸಲಕ್ಕೆ ತಾವು ಹೂಂ ಎಂದಿರಿ. ಎಂಥ ವಿನಯ! ಗಾಣದ ಎತ್ತಾದರೂ ಐದನೆಯ ಸಲಕ್ಕೆ ಒಮ್ಮೆ ಗೊರಸು ಊರಿ ನಿಲ್ಲುತ್ತಿತ್ತು.

ತಮ್ಮ ಆ ಒಂದು ಹೂಂಕಾರದಿಂದ ನಮ್ಮ ಪ್ರಬಂಧ ಪುಣೆಯ ಸಮ್ಮೇಳನಕ್ಕೆ ಆಯ್ಕೆಯಾಯಿತು. ಅಲ್ಲಿ ಅದನ್ನು ಓದಬೇಕಾದವಳು ಶಾಂಭವಿ. ಓದಿದರೆ ಅವಳ ಫೆಲೋಶಿಪ್ ಇನ್ನೊಂದು ವರ್ಷ ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ. ಸಂಶೋಧನೆಯನ್ನು ಜನರಿಗೂ ತಿಳಿಸಬೇಕೆಂಬ ನಿಯಮವಿದ್ದುದರಿಂದ ಒಂದು ರವಿವಾರ ಬಣ್ಣದ ನಕ್ಷೆಗಳನ್ನು ಸುತ್ತಿಕೊಂಡು ಹೆಬ್ಬಳ್ಳಿಯ ಶಾಲೆಗೆ ಹೋದೆವು. ಪಂಚಾಯತಿ ಅಧ್ಯಕ್ಷರನ್ನು ಕರೆದೆವು, ಹೆಡ್‌ಮಾಸ್ತರರನ್ನು ಕರೆದೆವು, ಹಾರ ತುರಾಯಿ ತಂದೆವು. ಮಳೆ ಅಳೆದ ದಾನವ್ವನವರನ್ನು ಕರೆಯುವುದು ಮಾತ್ರ ಹೊಳೆಯಲಿಲ್ಲ. ಭಾಷಣ ಮುಗಿದ ಮೇಲೆ ಮೈಲಾರಪ್ಪನೆಂಬ ರೈತರು ಎದ್ದು, "ಹಂಗಾರ ನಾಳೆ ಸ್ವಾಮಾರ ಹೆಸರಕಾಳು ಒಣಗಾಕ ಹಾಕಬಹುದೇನ್ರಿ ಅಕ್ಕಾರ?" ಎಂದು ಕೇಳಿದರು. ಶಾಂಭವಿ ನನ್ನ ಮುಖ ನೋಡಿದಳು, ನಾನು ತಮ್ಮ ನಕ್ಷೆ ನೋಡಿದೆ. "ಧೈರ್ಯದಿಂದ ಹಾಕ್ರಿ ಕಾಕಾ" ಎಂದೆ.

ಸೋಮವಾರ ಮಧ್ಯಾಹ್ನ ಮೂರಕ್ಕೆ ಹೆಬ್ಬಳ್ಳಿಯಲ್ಲಿ ಏನಾಯಿತೆಂಬುದು ಎ.ಸಿ. ಕೋಣೆಯಲ್ಲಿದ್ದ ತಮಗೆ ತಿಳಿದಿರಲಿಕ್ಕಿಲ್ಲ. ಮಳೆಯಾಯಿತು. ಆರು ಚೀಲ ಹೆಸರು ಅಂಗಳದಲ್ಲೇ ನೆನೆದು ಮೊಳಕೆಗೆ ಬಂತು. ಮಂಗಳವಾರ ನಾವು ಓಡಿ ಹೋದಾಗ ಮೈಲಾರಪ್ಪನವರು, "ಹೋಗ್ಲಿ ಬಿಡ್ರಿ, ನೀವರೆ ಏನ್ ಮಾಡ್ತೀರಿ, ಸಣ್ಣ ಹುಡುಗರು" ಎಂದು ನಮಗೇ ಚಹಾ ಕೊಟ್ಟರು. ಬೈದಿದ್ದರೆ ಛಲೋ ಇತ್ತು.

ಅಲ್ಲಿಂದ ದಾನವ್ವನವರ ಮನೆಗೆ ಹೋದೆವು. ಅವರು ಆಗಷ್ಟೇ ನೋಟುಬುಕ್ಕಿನಲ್ಲಿ ಸೋಮವಾರದ ಮುಂದೆ ಒಂದು ಗೆರೆ ಎಳೆದು, ಮಂಗಳವಾರದ ಮುಂದೆ ನಲವತ್ತೆರಡು ಮಿಲಿಮೀಟರ್ ಎಂದು ಬರೆದಿದ್ದರು. "ಸ್ವಾಮಾರ ಬಸವಣ್ಣನ ವಾರ ತಮ್ಮಾ. ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ಲ, ನಾನೂ ಅಳತಿ ಗ್ಲಾಸ್ ಮುಟ್ಟಂಗಿಲ್ಲ. ಎರಡೂ ದಿನದ ನೀರು ಮಂಗಳಾರ ಕೂಡೇ ಅಳಿತೇನಿ. ಗೆರಿ ಅಂದ್ರ ನಾ ನೋಡಿಲ್ಲ ಅಂತ. ಸೊನ್ನಿ ಅಂದ್ರ ನೋಡೇನಿ, ಮಳಿ ಇಲ್ಲ ಅಂತ. ಇಷ್ಟೂ ತಿಳಿಯಂಗಿಲ್ಲೇನು ಸಾಲಿ ಕಲಿತವರಿಗೆ?"

ಮಾನ್ಯರೇ, ಹನ್ನೊಂದು ವರ್ಷದ ಆ ಗೆರೆಗಳನ್ನೆಲ್ಲ ಸೊನ್ನೆಯೆಂದು ಒತ್ತಿದ ಬೆರಳು ನನ್ನದೇ. ಆದರೂ ದೂರು ತಮ್ಮ ಮೇಲೆಯೇ, ಏಕೆಂದರೆ ದೊಡ್ಡವರ ಮೇಲೆ ದೂರುವುದು ಚಿಕ್ಕವರಿಗೆ ಶೋಭಿಸುತ್ತದೆ. ನಮ್ಮ ಮಾರ್ಗದರ್ಶಕರಂತೂ ತಮ್ಮ ಪಕ್ಷವೇ. "ಹೆಬ್ಬಳ್ಳಿ ತಗದ್ ಒಗೀರಿ, ಮಾಡೆಲ್ ಇಟ್ಕೋರಿ. ಹಳ್ಳಿ ಅಳತಿ ನಂಬಾಕ ಬರಂಗಿಲ್ಲ ಅಂತ ಕೆಳಗ ಒಂದು ಟಿಪ್ಪಣಿ ಹಾಕ್ರಿ" ಎಂದರು. ಅದಕ್ಕೆ ಶಾಂಭವಿ, "ಸರ್, ಸುಳ್ಳು ಬರದಾಕಿ ದಾನವ್ವ ಅಲ್ರಿ, ನಾವು" ಎಂದಳು. ಅಂದೇ ಪುಣೆಗೆ ಪತ್ರ ಬರೆದು ಪ್ರಬಂಧ ಹಿಂದಕ್ಕೆ ಪಡೆದಳು. ಫೆಲೋಶಿಪ್ ಮುಂದುವರಿಯಲಿಲ್ಲ. ಈಗ ಅವಳು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಗಣಿತ ಹೇಳುತ್ತಾಳೆ, ನನ್ನ ಎದುರಿನ ಕುರ್ಚಿ ಖಾಲಿಯಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಇನ್ನು ಮೇಲೆ ಯಾರಾದರೂ ಐದನೆಯ ಸಲ ಕೇಳಲು ಬಂದರೆ ತಾವು ದಯವಿಟ್ಟು ಬಾಗಿಲು ಹಾಕಿಕೊಳ್ಳಬೇಕು, ವಾರಕ್ಕೊಮ್ಮೆ ತಾವೂ ಬಸವಣ್ಣನ ಹೆಸರಿನಲ್ಲಿ ನೊಗ ಇಳಿಸಿ ಒಂದು ಗೆರೆ ಎಳೆಯುವುದನ್ನು ಕಲಿಯಬೇಕು, ಸಾಧ್ಯವಾದರೆ ಯು.ಪಿ.ಎಸ್. ಸಮೇತ ಹೆಬ್ಬಳ್ಳಿ ಬಸ್ಸು ಹತ್ತಿ ಮೈಲಾರಪ್ಪನವರ ಅಂಗಳದಲ್ಲಿ ಕುಳಿತು ಒಳ್ಳೆಯ ಕಾಳು ಆರಿಸಿ ಕೊಡಬೇಕು. ಸೀಟು ನಾನು ಹಿಡಿದಿಡುತ್ತೇನೆ.

ನಾಲ್ಕನೆಯ ಸಲದವರೆಗಿನ ತಮ್ಮ ವಿಶ್ವಾಸಿ,
ಕಮರುದ್ದೀನ

ತಾ.ಕ.: ಸೊನ್ನೆಗಳನ್ನು ತೆಗೆದು, ಗೆರೆಗಳನ್ನು ಗೆರೆಗಳಾಗಿಯೇ ಬಿಟ್ಟು, ಹೊಗೆಯನ್ನು ಇಳಿಸಿ, ಏಳೂ ದಿನ ಮಳೆ ಒಂದೇ ಸಮವಲ್ಲವೇ ಎಂದು ನಿನ್ನೆ ತಮ್ಮನ್ನು ಮತ್ತೆ ಕೇಳಿದೆ. ಸೋಮವಾರದ ಮಾತೇ ಆಡಿಲ್ಲವೇನೋ ಎಂಬಂತೆ ತಾವು ಅದಕ್ಕೂ ಹೂಂ ಎಂದಿರಿ. ಈ ಸುದ್ದಿಯನ್ನು ದಾನವ್ವನವರಿಗೆ ಹೇಳಿದೆ. ಅವರು ತಮಗೆ ತಿಳಿಸಲು ಹೇಳಿದ್ದು ಇಷ್ಟು: "ಹೂಂ ಅನ್ನಾಕ ಇಷ್ಟ್ಯಾಕ ಕರೆಂಟ್ ಸುಡ್ತೀರಿ ತಮ್ಮಾ? ನಿಮ್ಮ ಸಾಹೇಬ್ರ ಸುತ್ತ ಹೂಂ ಅನ್ನೋರು ಬೇಕಾದಷ್ಟು ಮಂದಿ ಇರ್ತಾರ. ಉಹೂಂ ಅಂದಾಕಿ ಒಬ್ಬಾಕಿ ಇದ್ದಳು, ಆಕಿನ್ನ ಕಳಿಸಿಬಿಟ್ರಿ."