ಏಳನೇ ತುಂಡಿನ ಹಳದಿ ಮಾವ

ಬೆಳಿಗ್ಗೆ ಏಳು ಗಂಟೆಗೆ ಹಳದಿ ಮಾವ ತಾವು ಬಳಿಯದ ಹಳದಿ ಪಟ್ಟಿಯೊಂದನ್ನು ಮರದ ಮೇಲೆ ಕಂಡರು.

ಮಾವನ ಕಸುಬು ಗಡಿಯಾರ ರಿಪೇರಿ, ಪ್ರೀತಿ ಮಾತ್ರ ಊರ ಹಿಂದಿನ ಕಾಲುದಾರಿಯ ಮೇಲೆ. ಮುನ್ನೂರು ಕಿಲೋಮೀಟರ್ ಉದ್ದದ ಆ ದಾರಿಯನ್ನು ಕಾಲುದಾರಿ ಸಂಘದವರು ತುಂಡು ಮಾಡಿ ಸ್ವಯಂಸೇವಕರಿಗೆ ಹಂಚಿದ್ದರು. ಹದಿನೆಂಟು ವರ್ಷದಿಂದ ಏಳನೇ ತುಂಡು ಮಾವನದು. ಪೊದೆ ಸವರುವುದು, ಮಳೆನೀರು ಬದಿಗೆ ಹರಿಯುವಂತೆ ಮಾಡುವುದು, ಚಾರಣಿಗರು ದಾರಿ ತಪ್ಪದಂತೆ ಮರಕ್ಕೂ ಬಂಡೆಗೂ ಅಂಗೈಯಗಲದ ಹಳದಿ ಪಟ್ಟಿ ಬಳಿಯುವುದು, ಎಲ್ಲ ಅವರದೇ. ಬಣ್ಣ ಉಗುರಿನ ಸಂದಿಯಿಂದ ಹೋಗದೆ ಕೊನೆಗೆ ಹೆಸರಿಗೂ ಅಂಟಿಕೊಂಡಿತ್ತು.

ಅವತ್ತು ಸಂಜೆ ನಾಲ್ಕಕ್ಕೆ ಸಂಘದ ಅಧ್ಯಕ್ಷೆ ತಪಾಸಣೆಗೆ ಬರುವವರಿದ್ದರು. ಆಕೆ ಹಿಂದೆ ಶಾಲೆಯ ಮುಖ್ಯೋಪಾಧ್ಯಾಯಿನಿ. ನಿವೃತ್ತಿಯಾದ ಮೇಲೆ ಮಕ್ಕಳನ್ನು ಬಿಟ್ಟಿದ್ದರೇ ಹೊರತು ತಿದ್ದುವುದನ್ನು ಬಿಟ್ಟಿರಲಿಲ್ಲ. ಒಂದು ಸುಳ್ಳು ಗುರುತು ಸಿಕ್ಕರೂ ತುಂಡು ಬೇರೆಯವರ ಪಾಲಾಗುತ್ತದೆ ಎಂಬುದು ಆಕೆಯ ನಿಯಮ.

ಮಾವ ಹೊಸ ಪಟ್ಟಿಗಳ ಬೆನ್ನು ಹತ್ತಿದರು. ಅವು ದಾರಿ ಬಿಟ್ಟು, ಬೇಲಿ ದಾಟಿ, ನೇರ ಬೇಕರಿಯ ಬಾಗಿಲಿಗೆ ಹೋಗಿ ನಿಂತಿದ್ದವು.

"ಏನಯ್ಯ ಇದು?"

"ಬನ್ ಬಿಸಿಯಾಗಿದೆ ಮಾವ, ಕೂತ್ಕೊಳ್ಳಿ," ಎಂದ ಬೇಕರಿಯವನು.

"ಮುನ್ನೂರು ಕಿಲೋಮೀಟರ್ ದಾರಿ ನಿನ್ನ ಒಲೆ ಮುಂದೆ ಮುಗಿಯತ್ತಾ?"

"ಮುಗಿಯಲ್ಲ ಮಾವ, ಸುಧಾರಿಸ್ಕೊಳ್ಳತ್ತೆ. ನನ್ನೊಬ್ಬನನ್ನೇ ಬೈತೀರಲ್ಲ, ಕ್ಷೌರದವನ ಅಂಗಡಿ ಕಡೆ ಹೋಗಿ ನೋಡಿ."

ಕ್ಷೌರದವನ ಅಂಗಡಿಗೆ ಒಂಬತ್ತು ಪಟ್ಟಿಗಳು ಬಂದಿದ್ದವು, ಒಂದು ಅವನ ಕನ್ನಡಿಯ ಮೇಲೇ ಇತ್ತು. "ಇಪ್ಪತ್ತು ದಿನ ನಡೆದು ಬಂದೋರ ಗಡ್ಡ ನೋಡಿದೀರಾ ಮಾವ?" ಎಂದು ಅವನು ಕತ್ತರಿ ಆಡಿಸುತ್ತ ಕೇಳಿದ. "ಎದುರಿಗೆ ಬಂದ್ರೆ ಹಸು ಬೆದರತ್ತೆ. ನಂದೂ ಸೇವೇನೇ."

ಹಳದಿ ಮಾವ ಜಗಳಕ್ಕೆ ಹೊತ್ತು ಕಳೆಯುವ ಆಸಾಮಿಯಲ್ಲ. ಟರ್ಪೆಂಟೈನು, ತಂತಿ ಬ್ರಷ್ಷು, ಹಳೇ ಬನಿಯನ್ನು ಹಿಡಿದು ಕೆಲಸಕ್ಕಿಳಿದರು. ಬಣ್ಣ ಇನ್ನೂ ಹಸಿ, ಉಜ್ಜಿದರೆ ಬಿಡುತ್ತಿತ್ತು. ಉಜ್ಜಿದ ಜಾಗಕ್ಕೆ ಮಣ್ಣು ಸವರಿ, ಪಾಚಿ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುವರು. ಅಳಿಸಿದ್ದೂ ತಿಳಿಯಬಾರದು, ಅದು ಗಡಿಯಾರದವನ ಕೈ.

ಮಧ್ಯಾಹ್ನ ಊಟಕ್ಕೆ ಕೂತಾಗ ಅರ್ಧ ಕೆಲಸ ಆಗಿತ್ತು. ತುತ್ತಿಗೊಮ್ಮೆ ಆ ಇಬ್ಬರನ್ನೂ ಬೈದರು. ಹೆಂಡತಿ ಕಾಲುಚೀಲ ಹೆಣೆಯುತ್ತ ಕೇಳಿಸಿಕೊಂಡರು.

"ಗುರುತು ಹಾಕಿದ್ರೆ ಜನ ಬಂದೇ ಬರ್ತಾರಾ?"

"ಕಣ್ಮುಚ್ಚಿ ಬರ್ತಾರೆ ಕಣೆ. ಬಾವಿಗೆ ಹಾಕಿದ್ರೆ ಬಾವಿಗೂ ಇಳೀತಾರೆ."

ಮಾವ ತಮ್ಮ ಹಳದಿ ಬಣ್ಣದ ಡಬ್ಬಿಯನ್ನು ಬಾಗಿಲಲ್ಲೇ ಬಿಟ್ಟು, ಟರ್ಪೆಂಟೈನ್ ಹಿಡಿದು ಮತ್ತೆ ಓಡಿದರು. ಮೂರೂವರೆಗೆ ಕೊನೆಯ ಸುಳ್ಳು ಪಟ್ಟಿ ಹೋಯಿತು. ತಲೆ ಬಾಚಿಕೊಂಡು, ತುಂಡು ಮುಗಿಯುವಲ್ಲಿದ್ದ ಮರದ ಗೇಟಿನ ಬಳಿ ಮದುವೆಮನೆ ಬಾಗಿಲಲ್ಲಿ ನಿಂತ ಹುಡುಗಿಯ ಅಪ್ಪನಂತೆ ನಿಂತರು.

ನಾಲ್ಕಾಯಿತು, ಐದಾಯಿತು. ಅಧ್ಯಕ್ಷೆಯ ಸುಳಿವಿಲ್ಲ. ಐದೂಕಾಲಿಗೆ ಕ್ಷೌರದವನು ಏದುಸಿರು ಬಿಡುತ್ತ ಬಂದ.

"ಮಾವ, ಇಲ್ಲಿ ಯಾರಿಗೆ ಕಾಯ್ತಿದೀರ? ಅವರು ನಿಮ್ಮನೇಲೇ ಕೂತಿದಾರೆ."

ಹಿತ್ತಲಿನಲ್ಲಿ ಅಧ್ಯಕ್ಷೆ ಬೂಟು ಬಿಚ್ಚಿ, ಒಂದು ಕಾಲಿಗೆ ಹೊಸ ಕಾಲುಚೀಲ ಏರಿಸಿ ಕೂತಿದ್ದರು. ಬೇಲಿಯಾಚೆ ಅರ್ಧ ಊರು ನೆರೆದಿತ್ತು. ಕಾಲುದಾರಿಯ ತಿರುವಿನಿಂದ ಹಿತ್ತಲ ಬಾಗಿಲವರೆಗೆ ಆರು ಹಳದಿ ಪಟ್ಟಿಗಳು ಫಳಫಳ ಹೊಳೆಯುತ್ತಿದ್ದವು.

"ಕಾಲುಚೀಲ ಚೆನ್ನಾಗಿದೆ," ಎಂದರು ಅಧ್ಯಕ್ಷೆ. "ಗುರುತು ಯಾರದು?"

"ನಾನೇ ಹಚ್ಚಿದ್ದು," ಎಂದರು ಹೆಂಡತಿ. "ಇವರು ಹದಿನೆಂಟು ವರ್ಷದಿಂದ ಆ ದಾರೀಲೇ ಇದಾರೆ. ದಾರೀನೇ ಮನೆಗೆ ತಂದ್ರೆ ಇವರೂ ಜೊತೇಲಿ ಬರ್ತಾರಲ್ಲ ಅಂತ."

ಅಧ್ಯಕ್ಷೆ ಮರುಕದಿಂದ ತಲೆಯಾಡಿಸಿದರು. "ಗಂಡನ ತಪ್ಪು ತಲೆ ಮೇಲೆ ಹಾಕ್ಕೊಳ್ಳೋ ಹೆಂಡತಿ. ನಿಮ್ಮಂಥೋರು ಅಪರೂಪ ಕಣಮ್ಮ."

ಮಾವನಿಗೆ ರೇಗಿತು. "ಬೇಕರಿಯವನು ಹಾಕಿದ್ದ. ಕ್ಷೌರದವನೂ ಹಾಕಿದ್ದ. ಬನ್ನಿ, ತೋರಿಸ್ತೀನಿ."

ಎಲ್ಲರೂ ಹೋದರು. ಅಧ್ಯಕ್ಷೆ ಕನ್ನಡಕ ಏರಿಸಿ ಒಂದೊಂದು ಮರಕ್ಕೂ ಮೂಗು ತಾಗಿಸಿ ನೋಡಿದರು. ಪಾಚಿ ಇತ್ತು, ತೊಗಟೆ ಇತ್ತು, ಒಂದು ಇರುವೆ ಇತ್ತು. ಹಳದಿ ಮಾತ್ರ ಚೂರೂ ಇರಲಿಲ್ಲ. ಎಲ್ಲಿತ್ತೆಂದು ಮಾವನಿಗೇ ಎರಡು ಕಡೆ ಅನುಮಾನ ಬಂತು.

"ದಾರಿ ಪಕ್ಕದಲ್ಲೇ ಅಂಗಡಿ ಇದ್ರೂ ಒಂದು ಗುರುತು ಹಾಕ್ಕೊಂಡಿಲ್ಲ," ಎಂದು ಅಧ್ಯಕ್ಷೆ ಬೇಕರಿಯವನ ಬೆನ್ನು ತಟ್ಟಿದರು. "ಇಂಥ ನಿಸ್ವಾರ್ಥಿಗಳು ಬೇಕು ನಮ್ಮ ಸಂಘಕ್ಕೆ. ಇವತ್ತಿಂದ ಏಳನೇ ತುಂಡು ನಿಮ್ಮದು."

ಬೇಕರಿಯವನು ಕಣ್ಣು ಕೆಳಗೆ ಮಾಡಿ, ಆಕೆ ಕೊಟ್ಟ ಹಳದಿ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಜನ ಚಪ್ಪಾಳೆ ತಟ್ಟಿದರು. ಕ್ಷೌರದವನದೇ ಎಲ್ಲರಿಗಿಂತ ಜೋರು.

ಜನ ಚದುರಿದ ಮೇಲೆ ಬೇಕರಿಯವನು ಮಾವನ ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

"ಬೇಜಾರು ಮಾಡ್ಕೋಬೇಡಿ ಮಾವ. ಒಂದು ಉಪಕಾರ ಆಗ್ಬೇಕಿತ್ತು. ಬೆಳಿಗ್ಗೆ ನೀವು ಒರೆಸಿದ್ರಲ್ಲ, ನನ್ನ ಗುರುತುಗಳು, ಅವು ಎಲ್ಲೆಲ್ಲಿದ್ವು ಅಂತ ಸ್ವಲ್ಪ ತೋರಿಸ್ತೀರಾ? ಎಷ್ಟು ಹುಡುಕಿದ್ರೂ ನಂಗೆ ಒಂದೂ ಕಾಣ್ತಿಲ್ಲ."